ಉರಿಬಿಸಿಲು, ಸಿಡಿಲು, ನೆರೆ: ಒಂದೇ ದಿನಕ್ಕೆ ಮೂರು ಎಚ್ಚರಿಕೆ ಯಾಕೆ?

ಪ್ರಶ್ನೆ: ನಾನು ಹಿರಿಯೂರು ತಾಲೂಕಿನ ರೈತ. ಎರಡು ಎಕರೆ ಬಾಳೆ ಇದೆ. ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ, ಬೈಕಲ್ಲಿ ಓಡಾಡುತ್ತಾನೆ. ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೂ ಹವಾಮಾನ ವರದಿ ನೋಡಿದರೆ ತಲೆ ಕೆಡುತ್ತದೆ. ಒಂದೇ ದಿನಕ್ಕೆ ಬಿಸಿಲಿನ ಝಳ ಜಾಸ್ತಿ ಅಂತಾರೆ, ಗುಡುಗು ಸಿಡಿಲಿನ ಮಳೆ ಅಂತಾರೆ, ತಗ್ಗು ಪ್ರದೇಶಕ್ಕೆ ನೀರು ನುಗ್ಗಬಹುದು ಅಂತಾರೆ. ಯೆಲ್ಲೋ ಅಲರ್ಟ್ ಕೊಟ್ಟ ದಿನ ನಮ್ಮೂರಲ್ಲಿ ಒಂದು ಹನಿ ಬೀಳಲಿಲ್ಲ. ಮೂರು ಮೈಲಿ ಆಚೆ ಆಲಿಕಲ್ಲು ಬಿದ್ದು ತೋಟಗಳೇ ಮಲಗಿದವು. ಈ ಮುನ್ಸೂಚನೆ ನಂಬಬೇಕಾ, ಬಿಡಬೇಕಾ?

ಉತ್ತರ: ನಂಬಿ. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಂಡು ನಂಬಿ. ಬೇಸಿಗೆ ಕೊನೆಯ ಮುನ್ಸೂಚನೆ ನಿಮ್ಮ ಜಿಲ್ಲೆಯ ಬಗ್ಗೆ ಮಾತಾಡುತ್ತದೆ, ನಿಮ್ಮ ತೋಟದ ಬಗ್ಗೆ ಅಲ್ಲ. ಮಳೆ ಬರಲು ಏನೇನು ಬೇಕೋ ಅದೆಲ್ಲ ಇವತ್ತು ಜಿಲ್ಲೆಯ ಮೇಲೆ ಕೂಡಿಕೊಂಡಿದೆ ಎಂದಷ್ಟೇ ಅದರ ಅರ್ಥ. ಯಾವ ಊರಿನ ಮೇಲೆ ಸುರಿಯುತ್ತದೆ ಎಂಬುದು ಅವತ್ತು ಮಧ್ಯಾಹ್ನದವರೆಗೂ ಗೊತ್ತಾಗುವುದಿಲ್ಲ. ಹಿಂದಿನ ದಿನದ ವರದಿ ಓದಿ ನಮ್ಮೂರಿಗೆ ಮಳೆ ಬಂತಾ, ಬರಲಿಲ್ಲವಾ ಎಂದು ಲೆಕ್ಕ ಹಾಕಿದರೆ ಅದು ದಿನಾ ಸುಳ್ಳಾದಂತೆಯೇ ಕಾಣುತ್ತದೆ.

ಮೊದಲು ಮೂರು ಎಚ್ಚರಿಕೆಯ ವಿಷಯ. ಬಿಸಿಲು, ಸಿಡಿಲು, ನೆರೆ ಎಂದು ಮೂರು ಬೇರೆ ಬೇರೆ ಸುದ್ದಿಯಂತೆ ಹೇಳುತ್ತಾರೆ. ನಿಜವಾಗಿ ಅದು ಒಂದೇ ದಿನದ ಒಂದೇ ಕತೆ. ಬೆಳಗ್ಗೆ ಎಂಟರಿಂದಲೇ ನೆಲ ಕಾಯಲು ಶುರುವಾಗುತ್ತದೆ. ಅರಬ್ಬಿ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ಬಂದ ತೇವದ ಗಾಳಿ ನೆಲದ ಹತ್ತಿರವೇ ಇರುತ್ತದೆ. ಅದಕ್ಕೇ ಬೆವರು ಆರುವುದಿಲ್ಲ, ಸೆಕೆ ತಡೆಯಲಾಗುವುದಿಲ್ಲ. ಎಷ್ಟೋ ದಿನ ಅದರ ಮೇಲೆ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬಿಸಿಯಾದ ಒಣ ಗಾಳಿಯ ಪದರ ಕೂತಿರುತ್ತದೆ. ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಹಾಗೆ ಅದು ಕೆಳಗಿನ ಗಾಳಿಯನ್ನು ಏಳಲು ಬಿಡುವುದಿಲ್ಲ. ಮಧ್ಯಾಹ್ನ ಎರಡು, ಮೂರರ ಹೊತ್ತಿಗೆ ನೆಲ ಪೂರ್ತಿ ಕಾದಾಗ ಎಲ್ಲೋ ಒಂದು ಕಡೆ ಆ ಪದರ ಒಡೆಯುತ್ತದೆ. ತೇವದ ಗಾಳಿ ಅಲ್ಲಿಂದ ನುಗ್ಗಿ ಮೇಲೇರುತ್ತದೆ. ಆವಿ ನೀರಾಗುವಾಗ ಶಾಖ ಹೊರಗೆ ಬರುತ್ತದೆ, ಆ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಅರ್ಧ ಗಂಟೆಯಲ್ಲಿ ಮೋಡದ ತಲೆ 12ರಿಂದ 15 ಕಿಲೋಮೀಟರ್ ಎತ್ತರ ಮುಟ್ಟಬಹುದು. ಬೇಸಿಗೆಯಲ್ಲೂ ನಮ್ಮ ಮೇಲೆ ಐದು ಕಿಲೋಮೀಟರ್ ಎತ್ತರಕ್ಕೆ ಹೋದರೆ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ. ಆಲಿಕಲ್ಲು ಹುಟ್ಟುವುದು, ಸಿಡಿಲಿನ ವಿದ್ಯುತ್ ಕೂಡಿಕೊಳ್ಳುವುದು ಅಲ್ಲೇ.

ಹಾಗಾಗಿ ಬಿಸಿಲು ಜಾಸ್ತಿ ಇದ್ದ ದಿನವೇ ಸಿಡಿಲೂ ಜಾಸ್ತಿ ಇರುವುದು ಆಶ್ಚರ್ಯವಲ್ಲ. ಆದರೆ ಬರೀ ಬಿಸಿಲು ಸಾಲದು, ತೇವ ಬೇಕು. 2024ರ ಏಪ್ರಿಲ್ ನೆನಪಿದೆಯಾ? ಬೆಂಗಳೂರಲ್ಲಿ 28ನೇ ತಾರೀಕು 38.5 ಡಿಗ್ರಿ ದಾಖಲಾಯಿತು. ಆ ತಿಂಗಳು ಪೂರ್ತಿ ಅಳತೆಗೆ ಸಿಗುವಷ್ಟು ಮಳೆಯೇ ಬೀಳಲಿಲ್ಲ. ಬಿಸಿಲು ಬೇಕಾದಷ್ಟಿತ್ತು, ತೇವ ಬರಲಿಲ್ಲ.

ಈಗ ಪಕ್ಕದೂರಿನ ಆಲಿಕಲ್ಲು. ಇಂಥ ಒಂದು ಗುಡುಗಿನ ಮೋಡದ ಅಗಲ ಸಾಮಾನ್ಯವಾಗಿ ಐದರಿಂದ ಹತ್ತು ಕಿಲೋಮೀಟರ್. ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಮಳೆ ಶುರುವಾದಾಗ ಹನಿಗಳು ಒಣ ಗಾಳಿಯಲ್ಲಿ ಆವಿಯಾಗಿ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾದ ಗಾಳಿ ಭಾರವಾಗಿ ದಬದಬ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು, ಮಣ್ಣಿನ ವಾಸನೆ ಹೊತ್ತು, ಕಿಟಕಿ ಬಾಗಿಲು ಬಡಿಯುತ್ತಾ ಬರುವ ತಣ್ಣನೆ ಗಾಳಿ ಇದೇ. ನಿಮ್ಮ ಬಾಳೆಯನ್ನು ಮಲಗಿಸುವುದೂ ಬಹಳ ಸಲ ಮಳೆಯಲ್ಲ, ಈ ಗಾಳಿಯೇ. ಇದು ಮುಂದಕ್ಕೆ ನುಗ್ಗಿ ಅಲ್ಲಿನ ಬಿಸಿ ಗಾಳಿಯನ್ನು ಎತ್ತುತ್ತದೆ, ಅಲ್ಲಿ ಇನ್ನೊಂದು ಮೋಡ ಹುಟ್ಟುತ್ತದೆ. ಹೀಗೆ ಮಳೆ ಊರಿಂದೂರಿಗೆ ಹಾರುತ್ತಾ ಹೋಗುತ್ತದೆ. ಎಲ್ಲಿ ಇಳಿಯುತ್ತದೆ ಎಂದು ಹಿಂದಿನ ದಿನವೇ ಹೇಳಲು ಯಾವ ದೇಶದ ಕಂಪ್ಯೂಟರಿಗೂ ಆಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಏಪ್ರಿಲ್, ಮೇನಲ್ಲಿ ವಿದರ್ಭ ಅಥವಾ ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಪಟ್ಟಿ ಆಗಾಗ ಕಾಣಿಸಿಕೊಳ್ಳುತ್ತದೆ. ವರದಿಯಲ್ಲಿ ಟ್ರಫ್ ಎಂದು ಬರುತ್ತದಲ್ಲ, ಅದೇ. ಬೇರೆ ಬೇರೆ ದಿಕ್ಕಿನ ಗಾಳಿ ಅಲ್ಲಿ ಸೇರುತ್ತದೆ, ಮೋಡ ಕಟ್ಟುವುದು ಹೆಚ್ಚಾಗಿ ಅದರ ಅಕ್ಕಪಕ್ಕ. ಆ ಪಟ್ಟಿ ಐವತ್ತು ಕಿಲೋಮೀಟರ್ ಆಚೀಚೆ ಸರಿದರೆ ಹಿರಿಯೂರಿನ ಮಳೆ ಶಿರಾಕ್ಕೆ ಹೋಗುತ್ತದೆ.

ಇನ್ನು ವರದಿಯ ಮಾತುಗಳು. ಹವಾಮಾನ ಇಲಾಖೆ 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. 'ಕೆಲವು ಕಡೆ' ಎಂದರೆ ಅರ್ಧದವರೆಗೆ. 'ಹಲವು ಕಡೆ' ಎಂದರೆ ಮುಕ್ಕಾಲರವರೆಗೆ. 'ಬಹುತೇಕ ಕಡೆ' ಎಂದರೆ ಅದಕ್ಕೂ ಮೇಲೆ. ಮೇ ತಿಂಗಳ ವರದಿಯಲ್ಲಿ ನಮ್ಮ ಒಳನಾಡಿಗೆ ಮೊದಲಿನ ಎರಡು ಮಾತೇ ಜಾಸ್ತಿ. ಒಂದೆರಡು ಕಡೆ ಎಂದ ದಿನ ನಾಲ್ಕರಲ್ಲಿ ಮೂರು ಊರು ಒಣಗಿದ್ದರೂ ವರದಿ ಸರಿಯಾಗಿಯೇ ಇದೆ. ಟಿವಿಯಲ್ಲಿ ಈ ಮಾತು ಬಿಟ್ಟು 'ಚಿತ್ರದುರ್ಗದಲ್ಲಿ ಇಂದು ಭಾರಿ ಮಳೆ' ಎಂದು ಓದುತ್ತಾರೆ. ಅಲ್ಲೇ ಎಡವಟ್ಟಾಗುವುದು. ಸಾಧ್ಯವಾದರೆ ಬೆಂಗಳೂರು ಹವಾಮಾನ ಕೇಂದ್ರದ ಮೂಲ ಬುಲೆಟಿನ್ನನ್ನೇ ಓದಿ.

ಬಣ್ಣದ ವಿಷಯದಲ್ಲಿ ನಿಮಗೆ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಜನ ಇದನ್ನು ಕೆಂಪು ಮಾತ್ರ ಅಪಾಯ, ಹಳದಿ ಎಂದರೆ ಸುಮ್ನೆ ಹೇಳ್ತಾರೆ ಎಂದು ಓದುತ್ತಾರೆ. ಬೇಸಿಗೆಯಲ್ಲಿ ಈ ಲೆಕ್ಕ ತಪ್ಪು. ಗುಡುಗು ಸಹಿತ ಮಳೆಗೆ ಗಂಟೆಗೆ 40ರಿಂದ 50 ಕಿಲೋಮೀಟರ್ ಗಾಳಿ ಎಂದು ಹೇಳಿ ಹಳದಿ ಕೊಡುವುದು ಮೇನಲ್ಲಿ ಮಾಮೂಲು. ಸಿಡಿಲು ಹಳದಿ ದಿನವೂ ಅಷ್ಟೇ ಬಲವಾಗಿ ಬಡಿಯುತ್ತದೆ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಹುಪಾಲು ಹೊಲದಲ್ಲಿದ್ದವರು, ದನ ಕುರಿ ಮೇಯಿಸುತ್ತಿದ್ದವರು, ಮಳೆ ಬಂತೆಂದು ಮರದಡಿ ನಿಂತವರು. ಅವರ ಊರಲ್ಲಿ ಅವತ್ತು ಬಿದ್ದ ಮಳೆ ಕೆಲವೊಮ್ಮೆ ಹತ್ತು ಮಿಲಿಮೀಟರೂ ಇರುವುದಿಲ್ಲ. ಮಳೆ ಕಮ್ಮಿ ಎಂದರೆ ಅಪಾಯ ಕಮ್ಮಿ ಎಂದಲ್ಲ.

ಹೊಲದಲ್ಲಿದ್ದಾಗ ದೂರ ಅಳೆಯುವುದು ಸುಲಭ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವ ಮುಂಚೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನ ಸಿಡಿಲು ನಿಮ್ಮ ಮೇಲೂ ಬೀಳಬಹುದು. ಕೆಲಸ ಬಿಟ್ಟು ಹೊರಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹೊಲಕ್ಕೆ ಇಳಿಯಬೇಡಿ. ಮಳೆ ನಿಂತ ಮೇಲೆ ಬಡಿಯುವ ಸಿಡಿಲು ಬಹಳ ಜನರನ್ನು ತಿಂದಿದೆ. ಗಟ್ಟಿ ಗೋಡೆ, ಗಟ್ಟಿ ಛಾವಣಿಯ ಮನೆ ಒಳ್ಳೆಯದು. ಗಾಜು ಏರಿಸಿದ ಕಾರು, ಬಸ್ಸು ಕೂಡ ಪರವಾಗಿಲ್ಲ. ನಾಲ್ಕು ಕಂಬದ ಮೇಲೆ ಶೀಟ್ ಹಾಕಿದ ಪಂಪ್‌ಸೆಟ್ ಶೆಡ್ ಆಸರೆಯಲ್ಲ. ಮರದಡಿ ಅಂತೂ ಬೇಡವೇ ಬೇಡ. ಮರಕ್ಕೆ ಬಡಿದ ಸಿಡಿಲು ಬುಡದಲ್ಲಿ ನಿಂತವರಿಗೆ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಒಂದೇ ಸಿಡಿಲಿಗೆ ಕುರಿ ಹಿಂಡು ಪೂರ್ತಿ ಸಾಯುವುದು ಇದೇ ಕಾರಣಕ್ಕೆ.

ಇಲ್ಲೊಂದು ತಪ್ಪು ನಂಬಿಕೆ ತೆಗೆದುಹಾಕಬೇಕು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಧೈರ್ಯವಾಗಿ ಮುಟ್ಟಿ. ಉಸಿರು ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆ ಕೆಲವು ನಿಮಿಷದಲ್ಲಿ ಎಷ್ಟೋ ಜೀವ ಉಳಿಯುತ್ತದೆ.

ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು. ನಿಮ್ಮ ಸುತ್ತ 20ರಿಂದ 40 ಕಿಲೋಮೀಟರ್ ಒಳಗೆ ಬೀಳುವ ಸಿಡಿಲನ್ನು ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. ಈ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ, ಹೋಬಳಿ ಮಟ್ಟದ ಮುನ್ಸೂಚನೆ ಕೊಡುತ್ತದೆ. ಜಿಲ್ಲೆಯ ವರದಿಗಿಂತ ಅದು ನಿಮಗೆ ಹತ್ತಿರ. ಮಧ್ಯಾಹ್ನದ ಮೇಲೆ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಷ್ಟೇ ಕೊಡುವ ನೌಕಾಸ್ಟ್ ನೋಡಿ. ಆ ಹೊತ್ತಿಗೆ ಮೋಡ ಹುಟ್ಟಿರುತ್ತದೆ, ರಾಡಾರ್ ಅದನ್ನು ಕಂಡಿರುತ್ತದೆ. ರಾತ್ರಿಯ ವರದಿ ನೋಡಿ ನಾಳೆಯ ಕೆಲಸ ಹೊಂದಿಸಿಕೊಳ್ಳಿ, ನೌಕಾಸ್ಟ್ ನೋಡಿ ಈಗ ಹೊರಡಬೇಕಾ ಎಂದು ತೀರ್ಮಾನಿಸಿ.

ಈಗ ನಿಮ್ಮ ಮಗನ ಊರಿನ ನೆರೆ. ಇದರಲ್ಲಿ ಓದುಗರಿಗೆ ಯಾರೂ ಬಿಡಿಸಿ ಹೇಳದ ಒಂದು ಸಂಗತಿ ಇದೆ. ಮಳೆಯನ್ನು ನಾವು ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30ರವರೆಗೆ ಕೂಡಿಸಿ ಅಳೆಯುತ್ತೇವೆ. ಆ ಲೆಕ್ಕದಲ್ಲಿ 15.6ರಿಂದ 64.4 ಮಿಲಿಮೀಟರ್ ಬಿದ್ದರೆ ಸಾಧಾರಣ ಮಳೆ. 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಮುಂಗಾರಿನಲ್ಲಿ ಆಗುಂಬೆಗೆ, ಕರಾವಳಿಗೆ ಈ ಲೆಕ್ಕ ಸರಿಹೋಗುತ್ತದೆ. ಅಲ್ಲಿ ಮಳೆ ದಿನವಿಡೀ ಹೊಯ್ಯುತ್ತದೆ. ಬೇಸಿಗೆ ಮಳೆ ಹಾಗಲ್ಲ. ಇಡೀ ದಿನದ ಮಳೆ ಮುಕ್ಕಾಲು ಗಂಟೆಯಲ್ಲಿ ಸುರಿದು ಮುಗಿಯುತ್ತದೆ. ಸಂಜೆ ಐದರಿಂದ ಆರರೊಳಗೆ 50 ಮಿಲಿಮೀಟರ್ ಬಿದ್ದು ಅರ್ಧ ಬೆಂಗಳೂರು ಮುಳುಗಿದರೂ ಪುಸ್ತಕದ ಪ್ರಕಾರ ಅದು ಸಾಧಾರಣ ಮಳೆಯೇ!

50 ಮಿಲಿಮೀಟರ್ ಎಂದರೆ ಎಷ್ಟು ನೀರು ಎಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಬಿದ್ದರೆ ಆ ಒಂದೇ ಸೈಟಿನಿಂದ 5,500 ಲೀಟರ್ ನೀರು ರಸ್ತೆಗೆ ಬರುತ್ತದೆ. ನೂರು ಮನೆಯ ಬೀದಿಯಿಂದ ಐದೂವರೆ ಲಕ್ಷ ಲೀಟರ್. ನೆಲ ಪೂರ್ತಿ ಕಾಂಕ್ರೀಟ್, ಇಂಗಲು ಜಾಗವಿಲ್ಲ. ಬೇಸಿಗೆ ಪೂರ್ತಿ ಒಣಗಿದ್ದ ಚರಂಡಿಯಲ್ಲಿ ಎಲೆ, ಪ್ಲಾಸ್ಟಿಕ್, ಕಟ್ಟಡದ ಮಣ್ಣು ತುಂಬಿರುತ್ತದೆ. ಅದಕ್ಕೇ ಮೇ ತಿಂಗಳ ಮಳೆ ಊರಿಗೆ ಇಷ್ಟು ಕಾಟ ಕೊಡುವುದು. ಹೂಳು ಎತ್ತುವ ಕೆಲಸ ಜೂನ್ ಮುಂಗಾರನ್ನು ಲೆಕ್ಕಕ್ಕಿಟ್ಟುಕೊಂಡು ನಡೆಯುತ್ತದೆ. ನನ್ನ ಪ್ರಕಾರ ಬೆಂಗಳೂರಿನ ಗಡುವು ಮಾರ್ಚ್ ಕೊನೆಯೇ ಆಗಬೇಕು. ಅಂಕಿ ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಬೆಂಗಳೂರಿನ ವಾಡಿಕೆ ಮಳೆ 128.7 ಮಿಲಿಮೀಟರ್. 2023ರ ಮೇನಲ್ಲಿ 305.4 ಬಿತ್ತು. ದಾಖಲೆ ಎಂದೆವು. ಎರಡೇ ವರ್ಷಕ್ಕೆ, 2025ರ ಮೇನಲ್ಲಿ, 307.9 ಬಿದ್ದು ಆ ದಾಖಲೆಯೂ ಮುರಿಯಿತು. ಮೇ 19ರ ಬೆಳಗ್ಗೆಯ ಹೊತ್ತಿಗೆ ಒಂದೇ ದಿನದಲ್ಲಿ 100 ಮಿಲಿಮೀಟರಿಗೂ ಮೇಲೆ ಸುರಿದು ಹೊರಮಾವು ಕಡೆಯ ಸಾಯಿ ಲೇಔಟಿನ ಮನೆಗಳಿಗೆ ನೀರು ನುಗ್ಗಿತು.

ಮಗನಿಗೆ ಮುಖ್ಯವಾಗಿ ಅಂಡರ್‌ಪಾಸ್ ಬಗ್ಗೆ ಹೇಳಿ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ತೀರಿಕೊಂಡರು. ವಿಧಾನಸೌಧಕ್ಕೆ ಕೂಗಳತೆ ದೂರ, ಹಾಡುಹಗಲು. ನೀರಿನ ಆಳ ಹೊರಗಿನಿಂದ ಕಾಣುವುದಿಲ್ಲ. ರಭಸವಾಗಿ ಹರಿಯುವ ನೀರು ಮೊಣಕಾಲಿಗಿಂತ ಕೆಳಗೆ, ಅರ್ಧ ಅಡಿ ಇದ್ದರೂ ಮನುಷ್ಯನನ್ನು ಬೀಳಿಸುತ್ತದೆ, ಬೈಕನ್ನೂ ಎಳೆಯುತ್ತದೆ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಮುಂದಿನ ಗಾಡಿ ದಾಟಿತು ಎಂದು ಹಿಂದೆಯೇ ಹೋಗುವುದು ಬೇಡ. ಒಂದು ಗಂಟೆ ಆಫೀಸಿನಲ್ಲೋ ಅಂಗಡಿಯಲ್ಲೋ ಕೂತರೆ ಸಾಕು, ಇಂಥ ಮಳೆ ಅಷ್ಟರಲ್ಲಿ ಮುಗಿದಿರುತ್ತದೆ. ಮರದಡಿ, ಹೋರ್ಡಿಂಗ್ ಕೆಳಗೆ ಬೈಕ್ ನಿಲ್ಲಿಸಿ ಕಾಯುವುದೂ ಬೇಡ. ಬೆಂಗಳೂರಿಗೆಂದೇ 'ಮೇಘ ಸಂದೇಶ' ಎಂಬ ಆ್ಯಪ್ ಇದೆ, ಯಾವ ಭಾಗದಲ್ಲಿ ಎಷ್ಟು ಮಳೆ ಬೀಳುತ್ತಿದೆ ಎಂದು ಅದರಲ್ಲಿ ನೋಡಬಹುದು. ಬಾಡಿಗೆ ಮನೆಯ ಬೇಸ್‌ಮೆಂಟಿಗೆ ನೀರು ಬಂದರೆ ಮೊದಲು ಮೇನ್ ಸ್ವಿಚ್ ಆಫ್ ಆಗಲಿ, ಆಮೇಲೆ ಮಿಕ್ಕಿದ್ದು. ಮೇನ್ ಸ್ವಿಚ್ಚೇ ನೀರಿನೊಳಗಿದ್ದರೆ ಹತ್ತಿರ ಹೋಗದೆ ಬೆಸ್ಕಾಂಗೆ ಫೋನ್ ಮಾಡಲಿ. 2025ರ ಅದೇ ಮೇ ಮಳೆಯಲ್ಲಿ ಬಿಟಿಎಂ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮೋಟರ್ ಇಟ್ಟು ನೀರು ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಇಬ್ಬರು ಹೋದರು, ಅವರಲ್ಲಿ ಒಬ್ಬ ಬಾಲಕ.

ನಿಮ್ಮ ಕಡೆ ನೆರೆ ಬೇರೆ ತರಹ. ಚಿತ್ರದುರ್ಗ ಜಿಲ್ಲೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ, ಹಳ್ಳಗಳು ವರ್ಷದ ಹೆಚ್ಚು ದಿನ ಒಣಗಿರುತ್ತವೆ. ಮೇಲಿನ ಗುಡ್ಡದ ಕಡೆ ಜೋರು ಮಳೆಯಾದರೆ ನಿಮ್ಮಲ್ಲಿ ಹನಿ ಬೀಳದಿದ್ದರೂ ಹಳ್ಳ ಇದ್ದಕ್ಕಿದ್ದಂತೆ ಬರುತ್ತದೆ. ಸಂಜೆ ಮೇಲೆ ಪಶ್ಚಿಮದಲ್ಲೋ ಉತ್ತರದಲ್ಲೋ ಮಿಂಚುತ್ತಿದ್ದರೆ ಹಳ್ಳದೊಳಗೆ ಗಾಡಿ, ದನ ಬಿಡಬೇಡಿ.

ಬಿಸಿಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಆಗ ಇಲಾಖೆ ಬಿಸಿಗಾಳಿ ಎನ್ನುತ್ತದೆ. 45 ದಾಟಿದರೆ ವಾಡಿಕೆ ಎಷ್ಟೇ ಇರಲಿ, ಬಿಸಿಗಾಳಿಯೇ. ಕರಾವಳಿಗೆ 40ರ ಬದಲು 37 ಸಾಕು. ರಾಯಚೂರು, ಕಲಬುರಗಿ 40 ದಾಟುವುದು ಪ್ರತಿ ಬೇಸಿಗೆಯ ಮಾತು. ಹಿರಿಯೂರಲ್ಲಿ 38 ಇದ್ದಾಗ ಯಾರೂ ಬಿಸಿಗಾಳಿ ಎನ್ನುವುದಿಲ್ಲ. ಹಾಗೆಂದು ಮೈಗೆ ಅಪಾಯವಿಲ್ಲ ಎಂದಲ್ಲ. ಆ 38 ನೆರಳಿನಲ್ಲಿ ಅಳೆದದ್ದು, ನೀವು ನಿಂತಿರುವುದು ಬಿಸಿಲಿನಲ್ಲಿ. ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಮರುದಿನ ಗಾಳಿಯಲ್ಲಿ ತೇವ ಇನ್ನೂ ಜಾಸ್ತಿ, ಬೆವರು ಆರದೆ ಮೈ ತಣಿಯುವುದಿಲ್ಲ. ಮಳೆಯಾಯಿತು, ತಂಪಾಯಿತು ಎಂದು ಮರುದಿನ ಮಟಮಟ ಮಧ್ಯಾಹ್ನ ದುಡಿಯುವವರು ಈ ಕಾರಣಕ್ಕೇ ಕುಸಿದು ಬೀಳುತ್ತಾರೆ. 12ರಿಂದ 3ರವರೆಗೆ ಆಳುಗಳನ್ನು ನೆರಳಿಗೆ ಕರೆಯಿರಿ. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಕಾದ ಹೆಂಚಿನಂತೆ ಸುಡುತ್ತಿದ್ದರೆ ನಿಂಬೆ ಪಾನಕ ಮಾಡುತ್ತಾ ಕೂರಬೇಡಿ. ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತಾ ಆಸ್ಪತ್ರೆಗೆ ಹೊರಡಿ.

ಕೊನೆಗೆ ನಿಮ್ಮ ಬಾಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ನಮ್ಮವರು. ಬಿತ್ತನೆಗೆ ಹದ ಕೊಡುವ ಮಳೆ ಅದು, ನಿಜ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಆ ಭರಣಿ, ಅದರ ಹಿಂದೆ ಬರುವ ಕೃತ್ತಿಕಾ, ಎರಡೂ ಗೊನೆ ಬಿಟ್ಟ ಬಾಳೆಗೆ ಕಷ್ಟದ ಕಾಲ. ಗೊನೆ ಬಿಟ್ಟ ಗಿಡಗಳಿಗೆ ಏಪ್ರಿಲ್ ಮಧ್ಯದೊಳಗೇ ಕವೆಗೋಲು ಕೊಡಿ, ಇಲ್ಲವೇ ಗಿಡದಿಂದ ಗಿಡಕ್ಕೆ ಹಗ್ಗ ಕಟ್ಟಿ. ಅಲರ್ಟ್ ಬಂದ ಮೇಲೆ ಎರಡು ಎಕರೆ ಕಟ್ಟಲು ಹೊತ್ತು ಸಾಲುವುದಿಲ್ಲ. ಗುಡುಗಿನ ಮಳೆ ಹೇಳಿದ ದಿನ ನೀರು ಹಾಯಿಸಬೇಡಿ, ಬುಡದ ಮಣ್ಣು ಸಡಿಲವಾಗಿದ್ದರೆ ಗಾಳಿಗೆ ಗಿಡ ಬೇಗ ಕಿತ್ತು ಬರುತ್ತದೆ. ಔಷಧಿ, ಗೊಬ್ಬರವನ್ನೂ ಅವತ್ತು ಮುಂದಕ್ಕೆ ಹಾಕಿ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನ ಸಲಹೆ ಬರುತ್ತದೆ. ಮೇಘದೂತ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗುತ್ತದೆ.

ವಿಮೆ ಮಾಡಿಸಿದ್ದರೆ ನಿಮ್ಮ ಪಾಲಿಸಿಯಲ್ಲಿ ಬಾಳೆಗೆ ಆಲಿಕಲ್ಲು, ಗಾಳಿಯ ಹಾನಿ ಸೇರಿದೆಯಾ ಎಂದು ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಕಚೇರಿಯಲ್ಲೋ ಈಗಲೇ ಕೇಳಿಟ್ಟುಕೊಳ್ಳಿ. ಫಸಲ್ ಬಿಮಾದಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಬಿದ್ದ ಗಿಡ ಎತ್ತುವ ಮುಂಚೆ, ಕಲ್ಲು ಕರಗುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಫೋನಿನ ಲೊಕೇಶನ್ ಆನ್ ಇರಲಿ.